ವಿರೋಧದ ಕುರ್ಚಿ ಬಿಟ್ಟುಕೊಟ್ಟ ವರ್ಷ

ಒದ್ದೆ ಗೋಣಿಚೀಲದೊಳಗೆ ರಾತ್ರಿ ಕಳೆದ ಸೇವಂತಿಗೆಗೆ ಒಂದು ವಾಸನೆಯಿದೆ. ಅದನ್ನು ಪರಿಮಳ ಎಂದು ಕರೆಯಲು ನಾನು ತಯಾರಿಲ್ಲ. ಹಸಿ ಸೊಪ್ಪಿನ ಕಹಿ, ನೆನೆದ ಸೆಣಬಿನ ಮುಗ್ಗಲು, ಎಲ್ಲೋ ಹಿಂದೆ ಒಂದಿಷ್ಟು ಹೂವು. ಹಬ್ಬಕ್ಕೆಂದು ಊರಿಗೆ ಹೋಗಿದ್ದವಳು ಮೊನ್ನೆ ಚಿಂತಾಮಣಿಯಲ್ಲಿ ಬೆಳಗಿನ ರೈಲು ಹತ್ತಿದಾಗ ಬಾಗಿಲಲ್ಲೇ ಆ ವಾಸನೆ ಮುಖಕ್ಕೆ ಬಡಿಯಿತು. ದಾರಿಯಲ್ಲಿ ಕಾನೂನಿನ ಪಾಠ ಓದಿಕೊಂಡು ಹೋಗೋಣ ಎಂದುಕೊಂಡಿದ್ದೆ. ಬ್ಯಾಗಿನ ಜಿಪ್ಪನ್ನು ತೆಗೆಯಲೇ ಇಲ್ಲ.

ಡಿಗ್ರಿಯ ಕೊನೆಯ ವರ್ಷ ನಾನು ಓದಿದ್ದು ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಅರ್ಧ, ಈ ರೈಲಿನಲ್ಲಿ ಅರ್ಧ. ಆ ವರ್ಷ ಮಳೆ ಚೆನ್ನಾಗಿ ಹಿಡಿದಿತ್ತು. ಕಿಟಕಿಯಾಚೆ ಹಿಪ್ಪುನೇರಳೆ ತೋಟಗಳು ತೊಳೆದಿಟ್ಟ ಹಾಗಿದ್ದವು. ಚಿಕ್ಕಬಳ್ಳಾಪುರದಲ್ಲಿ ಇಳಿದರೆ ಸ್ಕಂದಗಿರಿ ಹತ್ತಿ ಬಂದ ಬೆಂಗಳೂರಿನವರು ಕೆಸರು ಬೂಟು ಹಾಕಿಕೊಂಡು, ಮೋಡ ಮುಟ್ಟಿ ಬಂದೆವು ಎಂಬ ಮುಖದಲ್ಲಿ ಇಡ್ಲಿ ತಿನ್ನುತ್ತಿರುತ್ತಿದ್ದರು. ನಾವು ದಿನಾ ಅದೇ ಮೋಡದಲ್ಲಿ ಒದ್ದೆಯಾಗಿ ಕ್ಲಾಸಿಗೆ ಹೋಗುತ್ತಿದ್ದೆವು. ನಮ್ಮ ಫೋಟೊ ಯಾರೂ ತೆಗೆಯುತ್ತಿರಲಿಲ್ಲ.

ಚರ್ಚಾಸ್ಪರ್ಧೆಗಳಲ್ಲಿ ನನ್ನ ಜಾಗ ಆಗಲೇ ಗಟ್ಟಿಯಾಗಿತ್ತು: ವಿರೋಧ. ವಿಷಯ ಏನಾದರೂ ಇರಲಿ, ನಾನು ವಿರೋಧ. ಇದಕ್ಕೆ ನಮ್ಮ ಮನೆಯೇ ಕಾರಣ. ಬುದ್ಧನ ಪಟದ ಕೆಳಗೆ ನಾವು ಊಟಕ್ಕೆ ಕೂರುವುದು. ಅಪ್ಪ ಹೈಸ್ಕೂಲು ಮೇಷ್ಟ್ರು. ಸಾರಿಗೆ ಉಪ್ಪು ಸರಿಯಿದೆ ಎಂದು ನಾನು ತಲೆಯಾಡಿಸಿದರೂ, "ರುಚಿ ನೋಡಿ ಹೇಳ್ದೆಯೋ, ನಾನಂದೆ ಅಂತ ಒಪ್ಕೊಂಡೆಯೋ?" ಎಂದು ಕೇಳುವ ಆಸಾಮಿ. ಹೀಗಿರುವಾಗ ಕಾಲೇಜಿನ ಮೊದಲ ದಿನ ವೇದಿಕೆಯ ಮೇಲಿಂದ "ಈ ಕಾಲೇಜು ನಿಮ್ಮ ಎರಡನೇ ಮನೆ" ಎಂದು ಹೇಳಿದರೆ ನಾನು ಸುಮ್ಮನೆ ನಂಬುವುದುಂಟೆ? ಆಮೇಲೆ ನಮ್ಮ ಕನ್ನಡ ಮೇಷ್ಟ್ರು ಶಿವಣ್ಣ ಸರ್ ಹತ್ತಿರ ಹೋಗಿ ಕೇಳಿದ್ದೆ: "ಹಾಜರಾತಿ ಕಮ್ಮಿಯಾದ್ರೆ ಊಟಕ್ಕೆ ಕೂರಿಸಲ್ಲ ಅಂತ ಯಾವ ಮನೇಲಿ ಹೇಳ್ತಾರೆ ಸರ್?" ಅವರು ಕನ್ನಡಕ ಒರೆಸಿಕೊಂಡು, "ನೀನು ಚರ್ಚಾ ಸಂಘಕ್ಕೆ ಸೇರ್ಕೊಮ್ಮ, ಕ್ಲಾಸಲ್ಲಿ ನನಗೆ ನೆಮ್ಮದಿ ಇರ್ತದೆ" ಎಂದಿದ್ದರು.

ನನ್ನ ಸಿದ್ಧಾಂತ ಸರಳವಾಗಿತ್ತು. ಕಾಲೇಜೆಂದರೆ ಬಸ್ ಸ್ಟ್ಯಾಂಡಿದ್ದ ಹಾಗೆ. ಬರಬೇಕು, ನಮ್ಮ ಬಸ್ಸು ಹಿಡಿಯಬೇಕು, ಹೋಗಬೇಕು. ಓದುವವರು ಓದುತ್ತಾರೆ, ಗೆಲ್ಲುತ್ತಾರೆ. ಆಪ್ತಭಾವ, ನಮ್ಮವರು, ನಮ್ಮ ಜಾಗ ಎಂಬುದೆಲ್ಲ ವಾರ್ಷಿಕೋತ್ಸವದ ಬ್ಯಾನರಿಗೆ ಬೇಕಾದ ಮಾತು.

ಆದರೆ ಆ ವರ್ಷ ನನ್ನ ಸಿದ್ಧಾಂತಕ್ಕೆ ಒಂದು ತೊಡಕು ಬಂತು. ನಮ್ಮ ಕಡೆಯ ಅಂತರ ಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ಒಂದು ಕಾಲೇಜಿನಿಂದ ಇಬ್ಬರು ಹೋಗಬೇಕು. ಒಬ್ಬರು ಪರ, ಒಬ್ಬರು ವಿರೋಧ. ವೇದಿಕೆಯ ಮೇಲೆ ಒಬ್ಬರ ಮಾತನ್ನು ಒಬ್ಬರು ಸೀಳಬೇಕು, ಕೊನೆಗೆ ಇಬ್ಬರ ಅಂಕವನ್ನೂ ಕೂಡಿಸಿ ಶೀಲ್ಡ್ ಕೊಡುತ್ತಾರೆ. ನನ್ನ ಜೊತೆ ಪರ ಮಾತಾಡುತ್ತಿದ್ದವಳು ಬೇರೆ ಕಾಲೇಜಿಗೆ ಹೋಗಿಬಿಟ್ಟಿದ್ದಳು. ಗೌರಿಬಿದನೂರಿನಲ್ಲಿ ಸ್ಪರ್ಧೆ ಗೊತ್ತಾಗಿತ್ತು. ಒಂಟಿ ವಿರೋಧಿಯನ್ನು ಯಾರೂ ಸೇರಿಸಿಕೊಳ್ಳುವುದಿಲ್ಲ. ಸಂಘದಲ್ಲಿ ಬೇರೆ ಯಾರೂ ಇರಲಿಲ್ಲ. ಯಾಕೆಂದರೆ ಸಂಘ ಸೇರುತ್ತಿದ್ದದ್ದು ಸಂಜೆ ನಾಲ್ಕರ ಮೇಲೆ, ನಮ್ಮ ರೈಲು ಹೊರಡುತ್ತಿದ್ದದ್ದೂ ನಾಲ್ಕರ ಮೇಲೆ. ಚಿಂತಾಮಣಿಗಾದರೆ ಆಮೇಲೂ ಬಸ್ಸಿದೆ. ನಡುವಿನ ಹಳ್ಳಿಗಳ ಹುಡುಗಿಯರಿಗೆ ರೈಲು ತಪ್ಪಿದರೆ ದಿನವೇ ತಪ್ಪಿದ ಹಾಗೆ.

ಆ ಹೊತ್ತಿಗೆ ಸಿಕ್ಕಿದವಳು ನಾಗವೇಣಿ.

ಸಿಕ್ಕಿದ್ದು ಜಗಳದಲ್ಲಿ. ನಮ್ಮ ಬೋಗಿಯಲ್ಲಿ ದಿನಾ ಬರುತ್ತಿದ್ದ ರತ್ನಮ್ಮ ಎಂಬ ಹೂವಿನವರು ಸೀಟಿನ ಮೇಲೆ ಸೇವಂತಿಗೆ ಚೀಲ ಇಟ್ಟು, ಪಕ್ಕದಲ್ಲಿ ಕೂತು, ಚಿಕ್ಕಬಳ್ಳಾಪುರ ಬರುವಷ್ಟರಲ್ಲಿ ಕನಕಾಂಬರ ಕಟ್ಟಿ ಮುಗಿಸುತ್ತಿದ್ದರು. ಅವತ್ತು ಒಬ್ಬ ದೊಡ್ಡ ಮನುಷ್ಯರು ಬಂದು, "ಏನಮ್ಮ, ಹೂವಿಗೂ ಟಿಕೆಟ್ ತಗೊಂಡಿದ್ದೀಯ?" ಎಂದರು. ನಾನು ರೈಲ್ವೆ ನಿಯಮಗಳ ಬಗ್ಗೆ ಬಾಯಿ ತೆರೆಯುವಷ್ಟರಲ್ಲಿ ಶಿಡ್ಲಘಟ್ಟದಲ್ಲಿ ಹತ್ತಿ ಮೂಲೆಯಲ್ಲಿ ನಿಂತಿದ್ದ ಹುಡುಗಿ ಹೇಳಿದಳು: "ನಿಮ್ಮ ಸೂಟ್‌ಕೇಸಿಗೆ ತಗೊಂಡಿದ್ದೀರಾ ಅಣ್ಣ? ಅದನ್ನ ಕೆಳಗಿಟ್ರೆ ಬಾಡಲ್ಲ. ಹೂವು ಕೆಳಗಿಟ್ರೆ ದೇವ್ರೂ ಮುಡ್ಕೊಳಲ್ಲ, ಹೆಂಗಸ್ರೂ ಮುಡ್ಕೊಳಲ್ಲ." ಬೋಗಿಯೆಲ್ಲ ನಕ್ಕಿತು. ದೊಡ್ಡ ಮನುಷ್ಯರೂ ನಕ್ಕು ಸೂಟ್‌ಕೇಸು ಕೆಳಗಿಟ್ಟು ಕೂತರು.

ನಾನು ನೇರ ಅವಳ ಹತ್ತಿರ ಹೋಗಿ, "ಯಾವ ಕಾಲೇಜಮ್ಮ ನೀನು?" ಎಂದೆ.

"ನಿಮ್ಮದೇ ಅಕ್ಕ. ಸೆಕೆಂಡ್ ಇಯರ್."

"ನಿನ್ನ ನೋಡೇ ಇಲ್ವಲ್ಲ ನಾನು?"

"ಯಾರೂ ನೋಡಿಲ್ಲ ಬಿಡಕ್ಕ" ಎಂದಳು. ದೂರಿದ ಹಾಗೆ ಇರಲಿಲ್ಲ; ಮಳೆ ಬರ್ತಾ ಐತೆ ಎಂದಷ್ಟೇ ಸಹಜವಾಗಿ ಹೇಳಿದಳು. ಅವರ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಹುಳು ಹಣ್ಣಾಗುವ ಹೊತ್ತಿಗೆ, ಅಂದರೆ ಅವು ಸೊಪ್ಪು ತಿನ್ನುವುದು ಬಿಟ್ಟು ಗೂಡು ಕಟ್ಟಲು ತಯಾರಾಗುವ ಹೊತ್ತಿಗೆ, ಮನೆಯವರೆಲ್ಲರ ಕೈ ಬೇಕು. ಆಗ ಅವಳು ಕಾಲೇಜಿಗೆ ಬರುವುದಿಲ್ಲ. "ಹೋದ ಬೆಳೇಲಿ ವಾರ ಬರ್ಲಿಲ್ಲ ಅಕ್ಕ. ವಾಪಸ್ ಬಂದೆ. ಯಾಕ್ ಬರ್ಲಿಲ್ಲ ಅಂತ ಒಬ್ರೂ ಕೇಳ್ಳಿಲ್ಲ. ಬೆಂಚಲ್ಲಿ ನನ್ನ ಜಾಗದಲ್ಲಿ ಬ್ಯಾಗ್ ಇಟ್ಟಿದ್ರು, ಅದನ್ನೂ ತೆಗೀಲಿಲ್ಲ. ಈ ಸೆಮಿಸ್ಟರ್ ಪರೀಕ್ಷೆ ಬರೆದು ಬಿಟ್ಬಿಡಣ ಅಂತ ಇದ್ದೀನಿ."

"ಯಾರೂ ಕೇಳದೇ ಇದ್ರೆ ಒಳ್ಳೇದೇ ಅಲ್ವ? ಯಾರಿಗೂ ಉತ್ತರ ಕೊಡೋ ಕಷ್ಟ ಇಲ್ಲ" ಎಂದೆ.

ಅವಳು ನನ್ನನ್ನು ಒಂದು ಕ್ಷಣ ನೋಡಿ, "ಅಕ್ಕ, ನೀನು ಹಿಂಗೇನಾ ಯಾವಾಗ್ಲೂ?" ಎಂದಳು. ಹಿಂಗೇ ಎಂದೆ. ಒಪ್ಪಂದವಾಯಿತು. ಗೌರಿಬಿದನೂರಿಗೆ ನನ್ನ ಜೊತೆ ಬರುತ್ತಾಳೆ. ಆ ಊರನ್ನು ಅವಳು ನೋಡಿರಲಿಲ್ಲ, ಅದೇ ಆಸೆ. ಅದಾದ ಮೇಲೆ ಪರೀಕ್ಷೆ ಬರೆದು ಕಾಲೇಜು ಬಿಡುತ್ತಾಳೆ. ಬಿಡಬೇಡ ಎಂದು ನಾನು ಹೇಳಲಿಲ್ಲ. ನನಗೆ ಬೇಕಿದ್ದದ್ದು ಜೊತೆಗಾರ್ತಿ, ಅಷ್ಟೇ.

ಸಂಘಕ್ಕೆ ಅವಳು ಉಳಿಯುವಂತಿಲ್ಲವಾದ್ದರಿಂದ ಸಂಘವೇ ರೈಲಿಗೆ ಬಂತು. ಶಿಡ್ಲಘಟ್ಟ ಬಿಟ್ಟ ಕೂಡಲೇ ಭಾಷಣ ಶುರು. ಗಾಲಿಯ ಸದ್ದಿಗೆ ಮಾತು ಕೇಳಬೇಕಲ್ಲ, ಕಂಬಿ ಹಿಡಿದು ನಿಂತು ಗಂಟಲು ಬಿಚ್ಚಿ ಕೂಗಬೇಕು. ಸಮಯ ನೋಡುತ್ತಿದ್ದವರು ರತ್ನಮ್ಮ. ಒಂದು ಮಾರು ಹೂ ಕಟ್ಟುವಷ್ಟರಲ್ಲಿ ಮಾತು ಮುಗಿಯಬೇಕು; ಮುಗಿಯದಿದ್ದರೆ ದಾರ ಕಚ್ಚಿ ತುಂಡು ಮಾಡಿ, "ಕುತ್ಕೊ" ಎನ್ನುತ್ತಿದ್ದರು. ಅವರಿಗೆ ಇನ್ನೊಂದು ಅಭ್ಯಾಸವಿತ್ತು. ಯಾವ ಮಾತು ಕಿವಿಗೆ ಬಿದ್ದರೂ, ಕೈಯಲ್ಲಿ ಗಂಟು ಹಾಕುತ್ತಲೇ, ತಲೆ ಎತ್ತದೆ "ಅದೆಂಗೆ?" ಎಂದು ಕೇಳುವುದು. ಚರ್ಚೆಗೆಂದೇ ಅಲ್ಲ. ಟಿಕೆಟ್ ಕಲೆಕ್ಟರ್ ರೈಲು ತಡ ಎಂದರೂ ಅದೆಂಗೆ, ನಾಳೆ ಭಾನುವಾರ ಎಂದರೂ ಅದೆಂಗೆ.

ನಾನಾಗಿದ್ದರೆ ಸಿಡುಕುತ್ತಿದ್ದೆ. ನಾಗವೇಣಿ ಅರಳುತ್ತಿದ್ದಳು. ಯಾರಾದರೂ ಕೇಳಿದರೆ ಸಾಕು, ಅವಳಿಗೆ ಮುಂದಿನ ಮಾತು ಹುಟ್ಟುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಬೋಗಿಯ ಬೇರೆಯವರಿಗೂ ಅದು ಅಂಟಿತು. ಅವಳು ಒಂದು ಮಾತು ಹೇಳಿ ಉಸಿರು ತೆಗೆದುಕೊಳ್ಳುವುದು, ಆ ಕಡೆಯಿಂದ ಈ ಕಡೆಯಿಂದ "ಅದೆಂಗಮ್ಮ?" ಎಂದು ಕೂಗುವುದು, ಅವಳು ಕೈ ಬೀಸಿ ಉತ್ತರ ಕೊಡುವುದು.

ಸ್ಪರ್ಧೆಯ ವಿಷಯ ಬಂತು: ವಿದ್ಯಾರ್ಥಿಯ ಯಶಸ್ಸಿಗೆ ಸ್ವಂತ ಪರಿಶ್ರಮವೊಂದೇ ಸಾಕು. ನಾನು ರೂಢಿಯಂತೆ ವಿರೋಧ ಹಿಡಿದೆ, ಅವಳಿಗೆ ಪರ ಕೊಟ್ಟೆ. ಮೊದಲ ದಿನವೇ ಎಡವಟ್ಟಾಯಿತು.

"ಪರಿಶ್ರಮವೊಂದೇ ಸಾಕು" ಎಂದಳು ನಾಗವೇಣಿ.

"ಅದೆಂಗೆ?" ಎಂದರು ರತ್ನಮ್ಮ.

ನಾಗವೇಣಿ ಕಂಬಿ ಬಿಟ್ಟು ಕೂತುಬಿಟ್ಟಳು. ಎರಡನೇ ದಿನವೂ ಹಾಗೇ. ಮೂರನೇ ದಿನ ರತ್ನಮ್ಮ ಮೊದಲ ಸಲ ಕೈ ನಿಲ್ಲಿಸಿ ತಲೆ ಎತ್ತಿದರು. "ನಿಂಗೇ ಇಷ್ಟ ಇಲ್ದಿರೋ ಹೂವನ್ನ ನಂಗ್ಯಾಕೆ ಮುಡಿಸ್ತೀಯೇ? ಈ ಮಾತು ಅವಳದ್ದು, ಆ ವಕೀಲೆದು. ಅವಳಿಗೇ ಕೊಡು."

ವಕೀಲೆ ಎಂದರೆ ನಾನು. ಮಾತು ನಿಜವಾಗಿತ್ತು. ಆ ವಿಷಯದಲ್ಲಿ ನನ್ನ ನಂಬಿಕೆ ಪರದ ಕಡೆಗೇ ಇತ್ತು. ನಾಗವೇಣಿಗೆ ಹೇಳಲು ಇದ್ದದ್ದೆಲ್ಲ ವಿರೋಧದಲ್ಲಿತ್ತು. ಆದರೆ ವಿರೋಧದ ಕುರ್ಚಿ ನನ್ನದು! ಚಿಕ್ಕಬಳ್ಳಾಪುರ ಬರುವವರೆಗೂ ವಾದಿಸಿದೆ. ಇಡೀ ಬೋಗಿ ಒಂದು ಕಡೆ, ನಾನು ಒಂದು ಕಡೆ. ಕೊನೆಗೆ ಆ ಕುರ್ಚಿಯನ್ನು ಬಿಟ್ಟುಕೊಟ್ಟೆ. ಸೋತೆ ಎಂದಲ್ಲ, ಸ್ಟೇಷನ್ ಬಂತು ಎಂದು.

ಇನ್ನೇನು ಸ್ಪರ್ಧೆಗೆ ಒಂದು ವಾರವಿದೆ ಎನ್ನುವಾಗ ನಾಗವೇಣಿ ಶಿಡ್ಲಘಟ್ಟದಲ್ಲಿ ಹತ್ತಲಿಲ್ಲ. ಮಾರನೆಯ ದಿನವೂ ಇಲ್ಲ. ಫೋನು ಹೋಗಲಿಲ್ಲ. "ಆ ಹುಡುಗಿ ಎಲ್ಲಿ?" ಎಂದು ಬೋಗಿ ನನ್ನನ್ನು ಕೇಳತೊಡಗಿತು, ನಾನೇ ಬಚ್ಚಿಟ್ಟ ಹಾಗೆ. ಮೂರನೇ ದಿನ ರತ್ನಮ್ಮ ಒಂದು ಮೊಳ ಕನಕಾಂಬರ ಬಾಳೆ ಎಲೆಯಲ್ಲಿ ಸುತ್ತಿ ನನ್ನ ಕೈಗಿಟ್ಟರು. "ಇಲ್ಲೇ ಇಳ್ಕೊ. ಹೋಗಿ ನೋಡ್ಕೊಂಡು ಬಾ. ಇದು ಅವರಮ್ಮಂಗೆ."

"ಕ್ಲಾಸಿದೆ ರತ್ನಮ್ಮ!"

"ಒಂದು ದಿನ ಪಾಠ ಕೇಳ್ದಿದ್ರೆ ನಿನ್ನ ಬಾಯೇನೂ ಬಿದ್ದೋಗಲ್ಲ. ಬಿದ್ರೆ ನಮಗೆ ಒಳ್ಳೇದು. ಇಳಿ."

ಇಳಿದೆ. ಆಟೋ ಹಿಡಿದು, ನಾಲ್ಕು ಕಡೆ ಕೇಳಿ ಅವರ ಮನೆ ಮುಟ್ಟಿದರೆ ಅಂಗಳದ ತುಂಬ ಚಂದ್ರಿಕೆಗಳು. ಹುಳು ಗೂಡು ಕಟ್ಟಲೆಂದು ಬಿದಿರಿನಲ್ಲಿ ಸುರುಳಿ ಸುರುಳಿಯಾಗಿ ಹೆಣೆದ ತಟ್ಟೆಗಳು. ಒಳಗೆ ಇನ್ನೂ ಹಣ್ಣಾಗದ ಸಾವಿರಾರು ಹುಳು ಸೊಪ್ಪು ಮೇಯುವ ಸದ್ದು, ಸೋನೆ ಮಳೆಯ ಹಾಗೆ. ನಾಗವೇಣಿ ಸೊಂಟಕ್ಕೆ ಸೆರಗು ಕಟ್ಟಿದಂತೆ ದುಪಟ್ಟ ಬಿಗಿದುಕೊಂಡು ಬಗ್ಗಿ ಹುಳು ಆಯುತ್ತಿದ್ದಳು.

"ಯಾಕ್ ಬರ್ಲಿಲ್ಲ?" ಎಂದೆ ಬಾಗಿಲಲ್ಲೇ ನಿಂತು.

ಅವಳು ತಿರುಗಿದಳು. ಆ ಮುಖದಲ್ಲಿ ಏನು ಹುಟ್ಟಿತೆಂದು ವಿವರಿಸಲು ಹೋದರೆ ನಾನು ನಂಬದ ಪದಗಳನ್ನೆಲ್ಲ ಬಳಸಬೇಕಾಗುತ್ತದೆ. ನಕ್ಕಳು ಎಂದಷ್ಟೇ ಬರೆಯುತ್ತೇನೆ. "ಹುಳ ಹಣ್ಣಾದ್ವು ಅಕ್ಕ. ಈ ಸಲ ಮುಕ್ಕಾಲು ಪಾಲು ಒಟ್ಟಿಗೇ."

ಅವಳ ತಾಯಿ ತೆಲುಗಿನಲ್ಲಿ "ರಾ ಅಮ್ಮಾ, ಕೂಚೋ" ಎಂದು ಕರೆದರು. ಕೂರಲು ಬಿಡಲಿಲ್ಲ ಮಾತ್ರ. ಕೈ ತೊಳೆಸಿ ಹುಳುವಿನ ತಟ್ಟೆಯ ಮುಂದೆ ನಿಲ್ಲಿಸಿದರು. ಮೈ ಹಳದಿಗೆ ತಿರುಗಿ, ಗಾಜಿನ ಹಾಗೆ ತೆಳುವಾಗಿ, ತಲೆ ಎತ್ತಿ ಆಡಿಸುತ್ತಿದ್ದರೆ ಅದು ಹಣ್ಣಾದದ್ದು, ಆರಿಸಿ ಚಂದ್ರಿಕೆಗೆ ಬಿಡಬೇಕು. ಮೊದಲನೆಯದನ್ನು ಮುಟ್ಟಿದ ಕೂಡಲೇ ನಾನು ಕಿರುಚಿದ್ದಕ್ಕೆ ಹೊರಗೆ ಎಮ್ಮೆ ಕೂಗಿತು. "ಕರವದಮ್ಮಾ, ಕಚ್ಚಲ್ಲ" ಎಂದು ಅವರಮ್ಮ ನಗುತ್ತಾ ನನ್ನ ಅಂಗೈಯಲ್ಲೇ ಒಂದನ್ನು ಬಿಟ್ಟರು. ತಣ್ಣಗೆ ಮೆತ್ತಗಿತ್ತು. ಮಧ್ಯಾಹ್ನದ ಹೊತ್ತಿಗೆ ಯಾವ ಹುಳು ಹಣ್ಣು, ಯಾವುದು ಇನ್ನೂ ಕಾಯಿ ಎಂದು ನಾಗವೇಣಿಯ ಜೊತೆ ವಾದ ಮಾಡುವಷ್ಟಾಗಿದ್ದೆ. ಪ್ರತಿ ವಾದದಲ್ಲೂ ಸೋತೆ.

ಊಟಕ್ಕೆ ಮುದ್ದೆ, ಹುರುಳಿ ಸಾರು. ಕನಕಾಂಬರ ಮುಡಿದುಕೊಂಡು ಬಡಿಸುತ್ತಿದ್ದ ಅವರಮ್ಮನಿಗೆ ನಾನು ಸಣ್ಣದೊಂದು ಭಾಷಣ ಕೊಡಲು ಹೊರಟೆ. ಮನೆ ಕೆಲಸಕ್ಕೆಂದು ಮಗಳ ಓದು ಬಿಡಿಸಬಾರದು, ಇತ್ಯಾದಿ. ಅವರು ಸಾರಿನ ಸೌಟು ಎತ್ತಿಕೊಂಡೇ ನಿಂತರು. "ನಾನೆಲ್ಲಮ್ಮ ಬಿಡು ಅಂದೆ? ವಾರ ರಜ ಹಾಕು, ಆಮೇಲೆ ಹೋಗು ಅಂತೀನಿ. ಅವಳೇ ಅಂತಾಳೆ, ಅಲ್ಲಿ ನಂಗ್ಯಾರೂ ಇಲ್ಲ, ನಾನು ಹೋದ್ರೂ ಒಂದೇ ಹೋಗದಿದ್ರೂ ಒಂದೇ ಅಂತ. ಇಲ್ಲಿ ಹುಳಕ್ಕಾದ್ರೂ ನಾನ್ ಬೇಕು ಅಂತಾಳೆ."

ನಾನು ಮುದ್ದೆ ಮುರಿದೆ. ವಾದ ಕೈಕೊಟ್ಟಾಗ ಅದು ಒಳ್ಳೆಯ ಉಪಾಯ.

ಹೊರಡುವಾಗ ನಾಗವೇಣಿ ಕೇಳಿದಳು: "ನೀನು ಬಂದಿದ್ದು ಸ್ಪರ್ಧೆಗೋಸ್ಕರ ತಾನೇ ಅಕ್ಕ?"

"ಮತ್ತೇನಕ್ಕೆ? ನೀನಿಲ್ದಿದ್ರೆ ನನ್ನನ್ನ ಯಾರು ಸೇರಿಸ್ಕೋತಾರೆ?"

"ಮತ್ತೆ ಹೂವು?"

"ಅದು ರತ್ನಮ್ಮಂದು."

"ಸಂಜೆವರ್ಗೂ ಹುಳ ಆಯ್ದಿದ್ದು?"

"ರೈಲು ಬರೋದು ಸಂಜೆಗೆ" ಎಂದೆ. ಅವಳು ಎಷ್ಟು ನಕ್ಕಳೆಂದರೆ ನನಗೆ ಸಿಟ್ಟೇ ಬಂತು.

ಗೌರಿಬಿದನೂರಿಗೆ ಶಿವಣ್ಣ ಸರ್ ಜೊತೆ ಬಸ್ಸಿನಲ್ಲಿ ಹೋದೆವು. ನಾಗವೇಣಿ ಕಿಟಕಿ ಬಿಟ್ಟು ಅಲ್ಲಾಡಲಿಲ್ಲ. ಆ ಕಾಲೇಜಿನ ಸಭಾಂಗಣ ಹೊಸದು. ನೆಲಕ್ಕೆ ಜಮಖಾನ, ಕಿಟಕಿಗೆ ದಪ್ಪ ಪರದೆ, ಹೊರಗಿನ ಒಂದು ಹಾರನ್ ಕೂಡ ಒಳಗೆ ಕೇಳುತ್ತಿರಲಿಲ್ಲ. ಪರದವರು ಮೊದಲು. ನಾನು ಮಾತಾಡಿದೆ. ಯಾರ ಹಂಗೂ ಇಲ್ಲದೆ, ಯಾರ ಬೆನ್ನು ತಟ್ಟುವಿಕೆಗೂ ಕಾಯದೆ ಓದಿದವರೇ ಗೆಲ್ಲುತ್ತಾರೆ. ಪರೀಕ್ಷೆಯ ಕೋಣೆಯಲ್ಲಿ ಎಲ್ಲರೂ ಒಂಟಿ. ಚಪ್ಪಾಳೆ ಜೋರಾಗಿಯೇ ಬಿತ್ತು. ನಿಜ ಹೇಳಬೇಕೆಂದರೆ ಅದು ಒಳ್ಳೆಯ ಭಾಷಣ.

ಆಮೇಲೆ ನಾಗವೇಣಿ ಮೈಕಿನ ಮುಂದೆ ಬಂದು, ಕೈಗೆ ಕಂಬಿ ಸಿಗದೆ ಮೈಕಿನ ಕಂಬವನ್ನೇ ಹಿಡಿದು, ರೈಲಿನಲ್ಲಿ ಕೂಗುವಷ್ಟೇ ಗಟ್ಟಿಯಾಗಿ "ಮಾನ್ಯ ಅಧ್ಯಕ್ಷರೇ!" ಎಂದಳು. ಮೈಕು ಕೀಂಯ್ ಎಂದಿತು. ಮುಂದಿನ ಸಾಲಿನ ತೀರ್ಪುಗಾರರೊಬ್ಬರ ಚಹಾ ಮಡಿಲಿಗೆ ಚೆಲ್ಲಿತು. ಸಭಾಂಗಣ ನಗೆಯಲ್ಲಿ ಮುಳುಗಿತು. ನಗೆ ನಿಂತ ಮೇಲೆ ಅವಳು ಸ್ವರ ಇಳಿಸಿ, "ಸ್ವಂತ ಪರಿಶ್ರಮವೊಂದೇ ಸಾಲದು" ಎಂದಳು. ಎಂದು ನಿಂತಳು.

ಯಾರೂ ಏನೂ ಅನ್ನಲಿಲ್ಲ. ಸಭ್ಯ ಸಭಿಕರು, ಮುಂದಿನ ಮಾತಿಗೆ ಕಾಯುತ್ತಿದ್ದರು. ಅವಳೂ ಕಾಯುತ್ತಿದ್ದಳು. ನನಗೆ ಆಗ ಹೊಳೆಯಿತು. ಈ ಹುಡುಗಿ ಮಧ್ಯೆ ಯಾರೂ ಬಾಯಿ ಹಾಕದ ಭಾಷಣವನ್ನು ಒಂದು ದಿನವೂ ಮಾಡಿಲ್ಲ. ನಾವು ಅವಳಿಗೆ ಎಲ್ಲವನ್ನೂ ಕಲಿಸಿದ್ದೆವು, ಮೌನವೊಂದನ್ನು ಬಿಟ್ಟು. ಅವಳ ಕಣ್ಣು ಸಾಲು ಸಾಲು ಹುಡುಕುತ್ತಿತ್ತು. ಕ್ಲಾಸಿನ ಬೆಂಚಿನ ಮುಂದೆ ನಿಂತು, ಅಲ್ಲಿಟ್ಟ ಬ್ಯಾಗನ್ನು ಯಾರಾದರೂ ತೆಗೆಯುತ್ತಾರೇನೋ ಎಂದು ನೋಡಿದಾಗಲೂ ಹೀಗೇ ನೋಡಿರಬೇಕು. ಈಗ ಕೆಳಗಿಳಿದಳೆಂದರೆ ಇನ್ನು ಕಾಲೇಜಿನ ಕಡೆ ತಲೆ ಹಾಕುವುದಿಲ್ಲ ಎಂಬುದು ನನಗೆ ಖಚಿತವಾಗಿತ್ತು.

ಎದುರಾಳಿ ಮಾತಾಡುವಾಗ ಬಾಯಿ ಹಾಕಿದರೆ ಅಂಕ ಕಡಿತ. ಆ ನಿಯಮ ನನಗಿಂತ ಚೆನ್ನಾಗಿ ಆ ಸಭಾಂಗಣದಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಅದೆಂಗಮ್ಮ?" ಎಂದೆ, ಪರದ ಕುರ್ಚಿಯಿಂದ, ಬೋಗಿಯ ಆ ತುದಿಗೆ ಕೇಳುವ ಹಾಗೆ.

ಅಧ್ಯಕ್ಷರು ಗಂಟೆ ಬಡಿದರು. ನಾಗವೇಣಿ ನನ್ನ ಕಡೆ ತಿರುಗಿದಳು. ಮೊದಲು ಕಣ್ಣು ಅರಳಿತು, ಆಮೇಲೆ ಬಾಯಿ. "ಅದೆಂಗೆ ಅಂದ್ರೆ ಹಿಂಗೆ ಸ್ವಾಮಿ! ಈಗ ತಾನೇ ನಮ್ಮಕ್ಕ ಇಲ್ಲಿ ನಿಂತು, ಯಾರ ಹಂಗೂ ಬೇಡ, ಒಬ್ಬರೇ ಸಾಕು ಅಂದರು. ನಾನು ಒಬ್ಬಳೇ ನಿಂತು ತಡವರಿಸಿದ ಕೂಡಲೇ ಅಂಕ ಹೋದರೂ ಹೋಗಲಿ ಅಂತ ಬಾಯಿ ಬಿಟ್ಟರು. ಅವರ ಭಾಷಣ ನಂಬ್ತೀರೋ, ಅವರನ್ನ ನಂಬ್ತೀರೋ?"

ಸಭಾಂಗಣ ಎದ್ದು ಕೂತಿತು. ನಾನು ತಲೆ ತಗ್ಗಿಸಿ ನಗುತ್ತಿದ್ದೆ. ಮೂರು ವರ್ಷದಲ್ಲಿ ನನ್ನನ್ನು ಹೀಗೆ ಯಾರೂ ಕಟ್ಟಿಹಾಕಿರಲಿಲ್ಲ. ಅವಳು ನಿಲ್ಲಲಿಲ್ಲ. ಕಾಲೇಜು ಬಿಡುವ ಹೊತ್ತು ಮತ್ತು ರೈಲು ಬಿಡುವ ಹೊತ್ತು ಎಂದಳು. ಖಾಲಿ ಬೆಂಚಿನ ಮೇಲಿನ ಬ್ಯಾಗು ಎಂದಳು. "ಓದೋದು ನಾನೇ, ಬರೆಯೋದು ನಾನೇ. ಆದರೆ ಬರ್ಲಿಲ್ಲ ಯಾಕೆ ಅಂತ ಕೇಳೋಕೆ ಇನ್ನೊಬ್ಬರು ಬೇಕು" ಎಂದಳು. ಯಾರೋ ಹಿಂದಿನ ಸಾಲಿನಿಂದ "ಅದೆಂಗೆ?" ಎಂದು ಕೂಗಿದರು. ಅವಳಿಗೆ ಇನ್ನೇನು ಬೇಕು?

ನನ್ನ ಅಂಕ ಕಡಿತವಾಯಿತು, ಶೀಲ್ಡ್ ಬೇರೆ ಕಾಲೇಜಿಗೆ ಹೋಯಿತು. ವಿರೋಧದ ಮೊದಲ ಬಹುಮಾನ ನಾಗವೇಣಿಗೆ ಬಂತು: ಮರದ ಬಣ್ಣದ ಪ್ಲಾಸ್ಟಿಕ್ಕಿನಲ್ಲಿ ಕೂರಿಸಿದ, ನಡೆಯದ ಒಂದು ಗಡಿಯಾರ. ವಾಪಸ್ ಬರುವ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಗೌರಿಬಿದನೂರು ಆಯ್ತಲ್ಲ" ಎಂದೆ. "ಬಿಡ್ತೀಯಾ?"

"ಸೋಮವಾರ ಹೇಳ್ತೀನಿ ಅಕ್ಕ."

ಸೋಮವಾರ ಶಿಡ್ಲಘಟ್ಟದಲ್ಲಿ ರೈಲು ನಿಂತಾಗ ನಾನು ಬಾಗಿಲಲ್ಲಿದ್ದೆ. ಗಾಳಿಗೆ ನಿಂತಿದ್ದೆ ಎಂದು ಆಗ ಹೇಳಿದ್ದೆ, ಈಗಲೂ ಅದನ್ನೇ ಹೇಳುತ್ತೇನೆ. ಪ್ಲಾಟ್‌ಫಾರ್ಮಿನಲ್ಲಿ ಅವಳಿರಲಿಲ್ಲ. ರೈಲು ಕೂಗು ಹಾಕಿತು. ಅಷ್ಟರಲ್ಲಿ ಹಿಂದಿನ ಬೋಗಿಯ ಕಡೆಯಿಂದ ನಾಗವೇಣಿ ಓಡಿ ಬಂದಳು, ಎರಡು ಕೈಯಲ್ಲಿ ಇಬ್ಬರು ಹುಡುಗಿಯರನ್ನು ಎಳೆದುಕೊಂಡು. "ಹತ್ರೇ, ಹತ್ರೇ! ಅಕ್ಕ, ಇವರೂ ನಮ್ಮ ಕಾಲೇಜೇ. ದಿನಾ ಹಿಂದಿನ ಡಬ್ಬೀಲಿ ಬಾಯಿ ಮುಚ್ಕೊಂಡು ಬರ್ತಾರೆ. ಇವರಿಗೂ ಮಾತಾಡ್ಬೇಕಂತೆ."

"ಗೆದ್ರೇನ್ರೇ?" ಎಂದರು ರತ್ನಮ್ಮ.

"ಇವಳು ಗೆದ್ಲು, ನಾವು ಸೋತ್ವಿ" ಎಂದೆ.

"ಅದೆಂಗೆ?"

ಬೋಗಿ ನಕ್ಕ ನಗೆಗೆ ಪ್ಲಾಟ್‌ಫಾರ್ಮಿನಲ್ಲಿ ಉಳಿದವರು ತಿರುಗಿ ನೋಡಿದರು.

ಆ ವಾರವೇ ನಾವು ನಾಲ್ವರು ಶಿವಣ್ಣ ಸರ್ ಮುಂದೆ ನಿಂತು, ಸಂಘ ಮಧ್ಯಾಹ್ನ ಊಟದ ಹೊತ್ತಿಗೆ ಸೇರಬೇಕೆಂದು ವಾದಿಸಿದೆವು. ನಾಲ್ಕು ಬಾಯಿಯನ್ನು ಒಂದೇ ಸಲ ಎದುರಿಸಲಾಗದೆ ಅವರು ಒಪ್ಪಿಕೊಂಡರು. "ನೆಮ್ಮದಿ ಇರ್ತದೆ ಅಂತ ಸಂಘಕ್ಕೆ ಸೇರಿಸಿದೆನಲ್ಲ ನಿನ್ನ" ಎಂದು ನಿಟ್ಟುಸಿರಿಟ್ಟರು. ಆ ವರ್ಷ ಮುಗಿಯುವ ಹೊತ್ತಿಗೆ ಊಟದ ಡಬ್ಬಿ ಬಿಚ್ಚಿಕೊಂಡು ಚರ್ಚೆ ಮಾಡುವವರಿಗೆ ಕೊಠಡಿ ಸಾಲದೆ ಹೋಯಿತು.

ಎರಡನೇ ಮನೆ ಎಂಬ ಮಾತನ್ನು ನಾನು ಈಗಲೂ ಒಪ್ಪುವುದಿಲ್ಲ. ಮನೆಯಾಗಿದ್ದರೆ ಅಪ್ಪ ಉಪ್ಪಿನ ಬಗ್ಗೆ ಕೇಳಬೇಕಿತ್ತು.

ಮೊನ್ನೆ ಶಿಡ್ಲಘಟ್ಟ ಬಂದಾಗ ನಾನು ರತ್ನಮ್ಮನ ಚೀಲದ ಪಕ್ಕದಲ್ಲೇ ಕೂತಿದ್ದೆ. ನಾಗವೇಣಿ ಈಗ ಬಿ.ಎಡ್. ಓದುತ್ತಿದ್ದಾಳೆ, ಇದೇ ರೈಲಿನಲ್ಲಿ ಓಡಾಡುತ್ತಾಳೆ. ಹತ್ತಿದವರಲ್ಲಿ ಅವಳು ಕಾಣಲಿಲ್ಲ. "ನಾಗವೇಣಿ ಎಲ್ಲಿ?" ಎಂದು ಯಾರನ್ನೆಂದಿಲ್ಲದೆ ಕೇಳಿದೆ.

"ಹುಳ ಹಣ್ಣಾಗವೆ!" ಎಂದು ಬೋಗಿಯ ನಾಲ್ಕು ಮೂಲೆಯಿಂದ ಒಟ್ಟಿಗೇ ಉತ್ತರ ಬಂತು. "ಗುರುವಾರ ಬರ್ತಾಳೆ" ಎಂದು ಯಾರೋ ಸೇರಿಸಿದರು.

ರೈಲು ಹೊರಟಿತು. ನನಗೆ ಪರಿಚಯವಿಲ್ಲದ, ಜಡೆಗೆ ರತ್ನಮ್ಮನ ಕನಕಾಂಬರ ಸಿಕ್ಕಿಸಿಕೊಂಡ ಒಬ್ಬ ಫಸ್ಟ್ ಇಯರ್ ಹುಡುಗಿ ಎದ್ದು ಕಂಬಿ ಹಿಡಿದು, ಮೊಬೈಲಿನಿಂದ ಓದು ಹಾಳಾಗುತ್ತದೆ ಎಂಬ ಮಾತೇ ಸುಳ್ಳು ಎಂದು ಕೂಗಿ, ನಿಂತಳು. ರತ್ನಮ್ಮ ಹೂವಿಗೆ ನೀರು ಚಿಮುಕಿಸುತ್ತಿದ್ದರು, ಅವರಿಗೆ ಕೇಳಿಸಲಿಲ್ಲ. ಹುಡುಗಿ ಕಾಯುತ್ತಿದ್ದಳು.

"ಅದೆಂಗಮ್ಮ?" ಎಂದೆ.

ಅವಳು ಹೊಸ ಮುಖವನ್ನು ನೋಡಿ ಒಂದು ಗಳಿಗೆ ಅಳೆದಳು. "ಹಂಗ್ ಕೇಳಿ ಅಕ್ಕ!" ಎಂದು ಶುರು ಮಾಡಿದಳು. ಚಿಕ್ಕಬಳ್ಳಾಪುರ ಬರುವವರೆಗೂ ಅವಳು ಹೇಳಿದ ಒಂದು ಮಾತನ್ನೂ ನಾನು ಒಪ್ಪಲಿಲ್ಲ.